ಕಾಲನಿ ಅಂದ್ರ ಯಾವ ಕಾಲನಿ?

ಬಿ.ಎ. ಓದುವಾಗಿನ ಮಾತು. ಇಂಗ್ಲಿಷ್ ಸರ್ ವಸಾಹತುಶಾಹಿಯ ಪಾಠ ಶುರು ಮಾಡುವ ಮೊದಲು ‘ಕಾಲನಿ ಅಂದರೇನು?’ ಎಂದು ಕೇಳಿದರು. ಉತ್ತರ ಗೊತ್ತಿದ್ದ ಪ್ರಶ್ನೆ ಎಂದು ನಾನು ಧೈರ್ಯ ಮಾಡಿ ಎದ್ದೆ. ‘ಊರ ಹೊರಗ ಎಸ್ಸಿ ಮಂದಿ ಇರೋ ಜಾಗಾ ಸರ್’ ಅಂದೆ. ಕ್ಲಾಸು ನಕ್ಕಿತು. ಸರ್ ಕೂಡ ನಕ್ಕರು. ಒಂದು ದೇಶ ಇನ್ನೊಂದು ದೇಶದ ಮೇಲೆ ಹಿಡಿತ ಸಾಧಿಸಿದರೆ ಅದು ಕಾಲನಿ ಎಂದು ಬೋರ್ಡಿನ ಮೇಲೆ ಬರೆದರು. ನಾನು ಬರೆದುಕೊಂಡೆ. ಪರೀಕ್ಷೆಯಲ್ಲಿ ಅದನ್ನೇ ಬರೆದು ಪಾಸಾದೆ. ಆದರೆ ಗೆಳೆಯರೇ, ಅವತ್ತು ನಾನು ತಪ್ಪು ಹೇಳಿದೆನೇ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಈ ಶಬ್ದದ ಬೇರು ಲ್ಯಾಟಿನ್ನಿನದು. ‘ಕೊಲೆರೆ’ ಅಂದರೆ ಉಳುವುದು, ನೆಲೆಸುವುದು, ಪೂಜಿಸುವುದು. ‘ಕೊಲೋನಸ್’ ಅಂದರೆ ಉಳುವವನು. ರೋಮಿನವರು ಗೆದ್ದ ನೆಲದಲ್ಲಿ ತಮ್ಮ ನಿವೃತ್ತ ಸೈನಿಕರಿಗೆ ಹೊಲ ಕೊಟ್ಟು ಕೂಡಿಸಿದ ಊರು ‘ಕೊಲೋನಿಯಾ’. ಜರ್ಮನಿಯ ಕೊಲೋನ್ ಶಹರದ ಹೆಸರು ಬಂದದ್ದು ಹೀಗೆ. ಆ ಶಹರದ ಸುಗಂಧದ ನೀರೇ ಓಡಿಕೊಲೋನ್. ಜ್ವರ ಬಂದವರ ಹಣೆಗೆ ಪಟ್ಟಿ ಹಾಕುತ್ತಿದ್ದರಲ್ಲ, ಅದೇ. ಶ್ರೀಮಂತರ ಕರವಸ್ತ್ರದಲ್ಲಿ ಘಮಘಮ ಅನ್ನುವ ಶಬ್ದವೇ ನಮ್ಮ ಕಡೆ ಬಂದರೆ ಜನ ಮೂಗು ಮುಚ್ಚಿಕೊಳ್ಳುತ್ತಾರೆ. ‘ಕಲ್ಚರ್’ ಹುಟ್ಟಿದ್ದೂ ಇದೇ ಬೇರಿನಿಂದ. ಸಂಸ್ಕೃತಿ ಎಂದು ಎದೆ ಉಬ್ಬಿಸಿ ಮಾತಾಡುವವರೂ ಕಾಲನಿಯವರೂ ಶಬ್ದದ ಲೆಕ್ಕದಲ್ಲಿ ಒಂದೇ ಹೊಟ್ಟೆಯ ಮಕ್ಕಳು. ಇದನ್ನು ಯಾರೂ ಕ್ಲಾಸಿನಲ್ಲಿ ಹೇಳಲಿಲ್ಲ.

ಉಳುವವನ ಹೆಸರಿನಿಂದ ಹುಟ್ಟಿದ ಈ ಶಬ್ದ ಉಳಲು ಒಂದು ಗುಂಟೆಯೂ ಇಲ್ಲದವರ ಓಣಿಗೆ ಬಂದು ಅಂಟಿದ್ದು ಹೇಗೆ?

ನಮ್ಮ ಕಡೆ ಮೊದಲು ಹೊಲಗೇರಿ, ಮಾದಿಗೇರಿ ಅನ್ನುತ್ತಿದ್ದರು. ಆಮೇಲೆ ಹರಿಜನವಾಡ ಬಂತು. ‘ವಾಡ’ ಮರಾಠಿ ಕಡೆಯಿಂದ ಬಂದದ್ದು, ‘ಹರಿಜನ’ ಗಾಂಧಿ ಕಡೆಯಿಂದ. ದೇವರಾಜ ಅರಸರ ಕಾಲದಲ್ಲಿ, ಎಪ್ಪತ್ತರ ದಶಕದಲ್ಲಿ, ಜನತಾ ಮನೆಗಳು ಎದ್ದವು. ಸಾಲು ಮನೆ, ಒಂದೇ ಅಳತೆ. ಅವಕ್ಕೆ ಜನತಾ ಕಾಲನಿ ಅಂದರು. ಗುಡಿಸಲಿನಿಂದ ಗೋಡೆಯ ಮನೆಗೆ ಬಂದದ್ದು ಸಣ್ಣ ಸಂಗತಿಯಲ್ಲ, ಅದನ್ನು ಹಗುರ ಮಾಡಿ ಮಾತಾಡುವವನು ನಾನಲ್ಲ. ಅದೇ ಅರಸರ ಸರ್ಕಾರ 1974ರಲ್ಲಿ ಭೂಸುಧಾರಣೆ ತಿದ್ದುಪಡಿ ತಂದಿತು. ಉಳುವವನೇ ಹೊಲದೊಡೆಯ ಅಂದಿತು. ಗೇಣಿದಾರನಿಗೆ ಹೊಲ ಸಿಕ್ಕಿತು. ಗೇಣಿಯೂ ಇಲ್ಲದೆ ಬರೀ ಕೂಲಿ ಮಾಡುತ್ತಿದ್ದವನಿಗೆ ಮನೆ ಸಿಕ್ಕಿತು. ಅವನು ಕಾಲನಿಯವನಾದ, ಕೊಲೋನಸ್ ಆಗಲಿಲ್ಲ.

ಶಹರಕ್ಕೆ ಹೋಗಿ ನೋಡಿ. ಅಲ್ಲಿ ಬ್ಯಾಂಕ್ ಕಾಲನಿ, ಟೀಚರ್ಸ್ ಕಾಲನಿ, ಆಫೀಸರ್ಸ್ ಕಾಲನಿ. ಅಲ್ಲಿ ಇದೇ ಶಬ್ದಕ್ಕೆ ಗೇಟು, ಗಿಡ, ಬೋಗನ್‌ವಿಲ್ಲಾ. ಬಾಡಿಗೆ ಮನೆ ಹುಡುಕುತ್ತಾ ಹೋದವನಿಗೆ ‘ಊರಾಗ ಯಾವ ಕಡಿ ಮನಿ ನಿಮ್ದು?’ ಎಂದು ಕೇಳುತ್ತಾರೆ. ‘ಕಾಲನಿ ಕಡಿ’ ಅಂದ ಕೂಡಲೇ ಮನೆ ಖಾಲಿ ಇಲ್ಲ. ಒಂದು ಕಾಲನಿಯವನು ಇನ್ನೊಂದು ಕಾಲನಿಗೆ ಹೋಗಲಾರ. ಸೋಲಾಪುರದಲ್ಲಿ, ಹುಬ್ಬಳ್ಳಿಯಲ್ಲಿ ಇನ್ನೊಂದು ಶಬ್ದ ಇದೆ: ಸೆಟ್ಲಮೆಂಟ್. ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಬಲದಿಂದ ಬ್ರಿಟಿಷರು ಮನುಷ್ಯರನ್ನು ಕೂಡಿಹಾಕಿದ ಜಾಗಗಳವು. ಕಾಯ್ದೆ 1952ರಲ್ಲಿ ಸತ್ತಿತು. ಓಣಿಯ ಹೆಸರು ಸಾಯಲಿಲ್ಲ.

ಈಗ ನಮ್ಮ ವಿಮರ್ಶಕರ ಹತ್ತಿರ ಬರೋಣ. ವಸಾಹತುಶಾಹಿ, ವಸಾಹತೋತ್ತರ, ನಿರ್ವಸಾಹತೀಕರಣ. ಬಾಯಿ ತಿರುಗದಷ್ಟು ಉದ್ದದ ಈ ಶಬ್ದಗಳ ಮೇಲೆ ಎಷ್ಟು ವಿಚಾರ ಸಂಕಿರಣ, ಎಷ್ಟು ಪಿ.ಎಚ್‌ಡಿ.! ಬ್ರಿಟಿಷರು ನಮ್ಮ ಭಾಷೆ ಕಸಿದರು, ನೆನಪು ಕಸಿದರು ಎಂದು ಅವರು ಬರೆದಾಗ ನಾನು ಕೇಳುವುದು ಇಷ್ಟೇ: ಈ ‘ನಮ್ಮ’ ಅನ್ನೋದ್ರಾಗ ನಾವು ಇದ್ದೇವೇನ್ರಿ? ನಮ್ಮ ಕಲಬುರ್ಗಿ ಜಿಲ್ಲೆಯನ್ನು ಬ್ರಿಟಿಷರು ನೇರವಾಗಿ ಆಳಲಿಲ್ಲ. 1948ರ ಸೆಪ್ಟೆಂಬರ್‌ವರೆಗೆ ಇಲ್ಲಿದ್ದದ್ದು ನಿಜಾಮನ ರಾಜ್ಯ. ಲಂಡನ್ನಿನಲ್ಲಿ ಕೂಡ ಭಾರತದ ಕಾರಭಾರ ನೋಡಿದ್ದು ಕಲೋನಿಯಲ್ ಆಫೀಸಲ್ಲ, ಇಂಡಿಯಾ ಆಫೀಸು. ಕಡತದ ಲೆಕ್ಕದಲ್ಲಿ ಇಡೀ ದೇಶವೇ ಕಾಲನಿ ಅಲ್ಲ. ಆದರೂ ವಿಮರ್ಶಕರು ಕಾಲನಿ ಅಂದರು, ಒಪ್ಪಿದೆವು. ಯಾಕೆಂದರೆ ಹೆಸರು ಏನೇ ಇರಲಿ, ದುಡಿಮೆ ಒಬ್ಬನದು ಫಲ ಇನ್ನೊಬ್ಬನದು ಆದಲ್ಲಿ ಅದು ಕಾಲನಿಯೇ. ಅದೇ ಅಳತೆಗೋಲು ಹಿಡಿದು ಊರ ಹೊರಗಿನ ನಮ್ಮ ಓಣಿಯನ್ನು ಅಳೆಯಲು ಅವರಿಗೆ ಯಾಕೆ ಕೈ ಬರಲಿಲ್ಲ? ಅವರ ಊರಿಗೂ ಒಂದು ಕಾಲನಿ ಇತ್ತು. ಹಬ್ಬಕ್ಕೆ ಊರಿಗೆ ಹೋದಾಗ ಅದರ ಪಕ್ಕದಲ್ಲೇ ಬಸ್ಸಿಳಿದಿರುತ್ತಾರೆ.

ಬಾಬಾಸಾಹೇಬರು ಈ ಪ್ರಶ್ನೆಯನ್ನು ಬೇರೆ ಕಡೆಯಿಂದ ಹಿಡಿದಿದ್ದರು. 1942ರ ನಾಗಪುರದ ಪರಿಶಿಷ್ಟ ಜಾತಿಗಳ ಸಮ್ಮೇಳನ ನಮಗೆ ಪ್ರತ್ಯೇಕ ಹಳ್ಳಿಗಳು ಬೇಕೆಂದು ಕೇಳಿತು. 1947ರ ‘ಸ್ಟೇಟ್ಸ್ ಅಂಡ್ ಮೈನಾರಿಟೀಸ್’ನಲ್ಲಿ ಅವರು ಅದಕ್ಕೊಂದು ಆಯೋಗವನ್ನೇ ಸೂಚಿಸಿದರು. ಸಾಗುವಳಿ ಇಲ್ಲದ ಸರ್ಕಾರಿ ಜಮೀನು ತೆಗೆದುಕೊಂಡು ನಮ್ಮವರನ್ನು ಅಲ್ಲಿ ನೆಲೆಗೊಳಿಸಬೇಕು ಅಂದರು. ವ್ಯತ್ಯಾಸ ಗಮನಿಸಿ. ಬಾಬಾಸಾಹೇಬರು ಕೇಳಿದ್ದು ಹೊಲ ಇರುವ ಊರು. ನಮಗೆ ಸಿಕ್ಕಿದ್ದು ಊರಿಗೆ ಕೂಲಿ ಕಳಿಸುವ ಕಾಲನಿ.

ಈಗ ಶಬ್ದವನ್ನೇ ತೆಗೆಯುವ ಕಾಲ ಬಂದಿದೆ. ಕೇರಳದಲ್ಲಿ ಮಂತ್ರಿ ಕೆ. ರಾಧಾಕೃಷ್ಣನ್ 2024ರ ಜೂನ್‌ನಲ್ಲಿ, ಹುದ್ದೆ ಬಿಡುವ ಮೊದಲು, ನಮ್ಮವರ ವಸತಿಗಳಿಗೆ ಕಾಲನಿ ಅನ್ನಬಾರದೆಂದು ಆದೇಶ ಮಾಡಿದರು. ತಮಿಳುನಾಡಿನಲ್ಲಿ ಸ್ಟಾಲಿನ್ 2025ರ ಏಪ್ರಿಲ್‌ನಲ್ಲಿ ಕಡತಗಳಿಂದ ಈ ಶಬ್ದ ತೆಗೆಯುವುದಾಗಿ ಸಭೆಯಲ್ಲಿ ಸಾರಿದರು. ಒಳ್ಳೆಯದೇ. ನನ್ನ ಮೇಲೆ ಕ್ಲಾಸು ನಕ್ಕಂತೆ ಇನ್ನೊಬ್ಬ ಹುಡುಗನ ಮೇಲೆ ನಗದಿರಲಿ. ಆದರೆ ನನಗೊಂದು ಅನುಮಾನ. ನಮ್ಮ ರಾಜ್ಯದಲ್ಲಿ ‘ಎಸ್.ಸಿ. ಕಾಲನಿಯಲ್ಲಿ ಸಿ.ಸಿ. ರಸ್ತೆ’ ಎಂದು ಬರೆದ ಕಡೆಗೇ ಉಪಯೋಜನೆಯ ದುಡ್ಡು ಬರುತ್ತದೆ. 2013ರ ಉಪಯೋಜನೆ ಕಾಯ್ದೆಯಲ್ಲೂ 7(ಡಿ) ಎಂಬ ಕಿಂಡಿ ಇಟ್ಟು, ಎಲ್ಲರ ಕೆಲಸಕ್ಕಾದ ಖರ್ಚಿನಲ್ಲಿ ಒಂದು ಪಾಲನ್ನು ನಮ್ಮ ಲೆಕ್ಕಕ್ಕೆ ಬರೆಯಲು ದಾರಿ ಮಾಡಿದ್ದರು. ಅದನ್ನು ಮುಚ್ಚಲು 2023 ಬರಬೇಕಾಯಿತು. ಹೆಸರು ಅಳಿಸಿ ಓಣಿಯನ್ನೂ ಅಳಿಸಿದರೆ ಗೋಡೆ ಬಿತ್ತು ಅನ್ನೋಣ. ಹೆಸರು ಮಾತ್ರ ಅಳಿಸಿದರೆ ದುಡ್ಡು ದಾರಿ ತಪ್ಪಲು ಇನ್ನೊಂದು ಕಿಂಡಿ.

ನಮ್ಮವ್ವನಿಗೆ ಲ್ಯಾಟಿನ್ ಗೊತ್ತಿಲ್ಲ. ಆಕಿ ‘ಕಾಲ್ನಿ’ ಅಂತಾಳ. ‘ಊರಿನ ಕಾಲ್ ಕಡಿ ಇರ್ತೀವಲ್ಲ, ಅದಕ್ಕ ಕಾಲ್ನಿ’ ಎಂದು ಒಮ್ಮೆ ನನಗೇ ಪಾಠ ಹೇಳಿದ್ದಳು. ಪಾದದಲ್ಲೂ ಜಾಗ ಕೊಡದ ಶಾಸ್ತ್ರಕ್ಕಿಂತ ಅವ್ವನ ನಿಘಂಟು ನಮಗೆ ಒಂದು ಮೆಟ್ಟಿಲು ಮೇಲೆ ಕೊಟ್ಟಿದೆ. ಮೊನ್ನೆ ಒಂದು ಅರ್ಜಿ ತುಂಬುತ್ತಾ ಕೂತಿದ್ದೆ. ವಿಳಾಸದ ಗೆರೆಗೆ ಬಂದಾಗ ಪೆನ್ನು ನಿಂತಿತು. ಕಾಲನಿ ಎಂದು ಬರೆಯಲು ಮನಸ್ಸಾಗಲಿಲ್ಲ.

‘ಏನ್ ಬರ್ದಿ ತಮ್ಮಾ?’ ಅಂದಳು.

‘ಭೀಮಾ ದಂಡಿ, ಘತ್ತರಗಿ.’

‘ದಂಡ್ಯಾಗ ನಮ್ದು ಹೊಲಾ ಎಲ್ಲದ?’ ಅಂದಳು.