ರೊಸೆಟ್ಟಾ ಥಾರ್ಪ್: ಆರಾಧನೆಯ ಗಾನ ಮತ್ತು ವಿಮರ್ಶೆಯ ಅಳತೆಗೋಲು

ಅಮೆರಿಕದ ಸಂಗೀತಚರಿತ್ರೆಯನ್ನು ಬರೆಯುವವರು ಸಿಸ್ಟರ್ ರೊಸೆಟ್ಟಾ ಥಾರ್ಪಳನ್ನು ರಾಕ್ ಅಂಡ್ ರೋಲ್ ಸಂಗೀತದ ಪೂರ್ವಸೂರಿಯೆಂದು ಕೊಂಡಾಡುವುದುಂಟು. 2018ರಲ್ಲಿ ಆ ಸಂಗೀತದ ಗೌರವಮಂದಿರದಲ್ಲಿ ಆಕೆಗೆ ಸ್ಥಾನ ದೊರೆತ ಮೇಲಂತೂ ಈ ಮಾತು ಸಿದ್ಧಾಂತವೇ ಆಗಿಬಿಟ್ಟಿದೆ. ಇದು ಅಸತ್ಯವಲ್ಲ, ಆದರೆ ಅಪೂರ್ಣ. ಅನಂತರ ಬಂದುದರಿಂದ ಮೊದಲಿನದನ್ನು ಅಳೆಯುವ ಈ ಕ್ರಮದಲ್ಲಿ, ಆಕೆಯ ಗಾನಕ್ಕೆ ರೂಪಕೊಟ್ಟ ಆರಾಧನೆ ಕೇವಲ ಒಂದು ಮೆಟ್ಟಿಲಾಗಿ ಉಳಿಯುತ್ತದೆಂದು ನಮಗೆ ತೋರುತ್ತದೆ.

ಥಾರ್ಪ್ 1915ರಲ್ಲಿ ಆರ್ಕನ್ಸಾ ಸಂಸ್ಥಾನದ ಕಾಟನ್ ಪ್ಲಾಂಟ್ ಎಂಬಲ್ಲಿ ಜನಿಸಿದಳು. ತಾಯಿ ಕೇಟಿ ಬೆಲ್ ನೂಬಿನ್ ಮ್ಯಾಂಡೊಲಿನ್ ವಾದಕಿ. ‘ಚರ್ಚ್ ಆಫ್ ಗಾಡ್ ಇನ್ ಕ್ರೈಸ್ಟ್’ ಪಂಥದ ಸುವಾರ್ತಾ ಪ್ರಚಾರಕಿ. 1906ರಲ್ಲಿ ಲಾಸ್ ಏಂಜಲೀಸಿನ ಅಜೂಸಾ ಬೀದಿಯಲ್ಲಿ ಪ್ರಬಲಿಸಿದ ಪೆಂಟೆಕೋಸ್ಟಲ್ ಚಳವಳಿಯಿಂದ ಪ್ರೇರಿತನಾದ ಚಾರ್ಲ್ಸ್ ಮೇಸನ್ ಮರುವರ್ಷವೇ ಈ ಪಂಥಕ್ಕೆ ಹೊಸ ರೂಪವಿತ್ತನು. ತಂತಿವಾದ್ಯ ತಾಳಗಳಿಂದ ದೇವರನ್ನು ಸ್ತುತಿಸಿರೆಂಬ 150ನೆಯ ಕೀರ್ತನೆಯ ವಿಧಿಯೇ ಅಲ್ಲಿನ ವಾದ್ಯಘೋಷಕ್ಕೆ ಆಧಾರ. ಬಾಲ್ಯದಲ್ಲಿಯೇ ತಾಯಿಯೊಡನೆ ಸಭೆಗಳಲ್ಲಿ ಹಾಡುತ್ತ ಗಿಟಾರ್ ನುಡಿಸಿದ ಥಾರ್ಪಳ ಮಟ್ಟಿಗೆ, ಆ ವಾದ್ಯ ಪಾನಗೃಹದಿಂದ ದೇವಾಲಯಕ್ಕೆ ಬಂದುದಲ್ಲ; ದೇವಾಲಯದಿಂದ ಹೊರಕ್ಕೆ ಹೋದುದು.

1938ರಲ್ಲಿ ಡೆಕ್ಕಾ ಸಂಸ್ಥೆ ಆಕೆಯ ಮೊದಲ ಧ್ವನಿಮುದ್ರಿಕೆಗಳನ್ನು ಹೊರತಂದಿತು. ಅವುಗಳಲ್ಲೊಂದು ಥಾಮಸ್ ಡಾರ್ಸಿಯ ಭಕ್ತಿಗೀತೆಯೊಂದರ ರೂಪಾಂತರ. ಅದೇ ವರ್ಷ ನ್ಯೂಯಾರ್ಕಿನ ಕಾಟನ್ ಕ್ಲಬ್ಬಿನಲ್ಲಿಯೂ ಕಾರ್ನೆಗಿ ಭವನದಲ್ಲಿಯೂ ಆಕೆ ಹಾಡಿದಳು. ಸಭೆಯ ಅನೇಕರು ನೊಂದರು. ಅವರ ಆಕ್ಷೇಪಣೆಯನ್ನು ಸಂಕುಚಿತ ಬುದ್ಧಿಯೆಂದು ತಳ್ಳಿಹಾಕುವುದು ಸುಲಭ, ನ್ಯಾಯವಲ್ಲ. ಆರಾಧನೆಯಲ್ಲಿ ಹಾಡು ಎಲ್ಲರ ಕರ್ಮ: ನಾಯಕಿ ಒಂದು ಚರಣವನ್ನು ಎತ್ತಿಕೊಂಡರೆ ಸಭೆ ಕರತಾಡನದಿಂದಲೂ ಉದ್ಗಾರದಿಂದಲೂ ಅದನ್ನು ಪೂರ್ಣಗೊಳಿಸುತ್ತದೆ. ರಂಗಸ್ಥಲದಲ್ಲಿ ಹಣ ತೆತ್ತವರು ಕೇಳುತ್ತಾರೆ, ಅಷ್ಟೆ. ಸ್ವರ ಅದೇ ಇದ್ದರೂ ಸಂಬಂಧ ಬೇರೆಯಾಯಿತು.

ಈ ಕೊರತೆಯನ್ನು ಥಾರ್ಪ್ ಹೇಗೆ ತುಂಬಿಕೊಂಡಳೆಂಬುದೇ ವಿಮರ್ಶಕನು ವಿಚಾರಿಸಬೇಕಾದ ಅಂಶ. ಆಕೆಯ ಹಾಡುಗಾರಿಕೆಯನ್ನು ಗಮನವಿಟ್ಟು ಕೇಳಿದರೆ, ಕಂಠ ವಿರಮಿಸಿದೆಡೆಯಲ್ಲಿ ಗಿಟಾರ್ ಮಾತನಾಡುವುದು ತಿಳಿಯುತ್ತದೆ. ಸಭೆ ಕೊಡಬೇಕಾಗಿದ್ದ ಉತ್ತರವನ್ನು ವಾದ್ಯ ಕೊಡುತ್ತಿದೆ. 1944ರಲ್ಲಿ ಸ್ಯಾಮಿ ಪ್ರೈಸನ ಪಿಯಾನೊದೊಡನೆ ಮುದ್ರಿತವಾಗಿ, ಮರುವರ್ಷ ಆಫ್ರಿಕನ್-ಅಮೆರಿಕನ್ ಸಂಗೀತದ ಜನಪ್ರಿಯತೆಯ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿದ ‘ಸ್ಟ್ರೇಂಜ್ ಥಿಂಗ್ಸ್ ಹ್ಯಾಪನಿಂಗ್ ಎವರಿ ಡೇ’ ಭಕ್ತಿಗೀತೆಯೇ. ಮುಂದಿನ ಪೀಳಿಗೆ ಯಾವುದನ್ನು ರಾಕ್ ಎಂದು ಕೇಳಿತೋ ಅದರ ಮೂಲದಲ್ಲಿ ಇರುವುದು ಆರಾಧನೆಯ ಪ್ರಶ್ನೋತ್ತರ ಕ್ರಮ.

ಹೀಗೆಂದು ಆಕೆಯ ಎಲ್ಲ ನಡೆಗಳನ್ನೂ ಸಮರ್ಥಿಸಲಾಗದು. 1951ರಲ್ಲಿ ವಾಷಿಂಗ್ಟನ್ನಿನ ಗ್ರಿಫಿತ್ ಕ್ರೀಡಾಂಗಣದಲ್ಲಿ ಟಿಕೆಟ್ಟು ಮಾರಿ ಸಹಸ್ರಾರು ಜನರೆದುರು ವಿವಾಹವಾದದ್ದು ಸಂಸ್ಕಾರವನ್ನೇ ಪ್ರದರ್ಶನವಾಗಿಸಿತು. ಆದರೆ 1964ರಲ್ಲಿ ಮ್ಯಾಂಚೆಸ್ಟರಿನ ಹಳೆಯ ರೈಲು ನಿಲ್ದಾಣದಲ್ಲಿ ನಡೆದ ದೂರದರ್ಶನ ಚಿತ್ರೀಕರಣವನ್ನು ನೋಡಬೇಕು. ಶ್ರೋತೃಗಳು ಒಂದು ಪ್ಲಾಟ್‌ಫಾರಮ್ಮಿನಲ್ಲಿ, ಆಕೆ ಎದುರಿನದರಲ್ಲಿ, ನಡುವೆ ರೈಲುಹಳಿ. ಸುರಿದ ಮಳೆಯನ್ನೇ ನಿಮಿತ್ತಮಾಡಿಕೊಂಡು ಆಕೆ ಜಲಪ್ರಳಯದ ಗೀತೆಯನ್ನು ಎತ್ತಿಕೊಂಡಳು. ಅಪರಿಚಿತರನ್ನೂ ಕ್ಷಣಕಾಲ ಸಭೆಯಾಗಿಸುವ ನಾಯಕಿಯ ಅಭ್ಯಾಸ ಅಲ್ಲಿಯೂ ಉಳಿದಿತ್ತು.

1973ರಲ್ಲಿ ಥಾರ್ಪ್ ಫಿಲಡೆಲ್ಫಿಯಾದಲ್ಲಿ ನಿಧನಳಾದಳು. ಆಕೆಯನ್ನು ಯಾವುದೋ ಒಂದರ ಪೂರ್ವಸೂರಿಯೆಂದು ಗೌರವಿಸುವುದಕ್ಕೆ ಮೊದಲು, ಆಕೆ ಹಾಡಿದ ಸಭೆಯನ್ನು ಅರಿಯುವುದು ಚರಿತ್ರೆಯ ವಿದ್ಯಾರ್ಥಿಗಳ ಕರ್ತವ್ಯವೆಂದು ನಾವು ಭಾವಿಸುತ್ತೇವೆ.