ಗೋಡೆ ಕ್ರೀಮು, ಪರದೆ ಯಾವುದು?

ಪರದೆ ಕೊಳ್ಳಲು ಹೊರಟವರ ಕೈಯಲ್ಲಿ ಈಗ ಗೋಡೆಯ ಫೋಟೊ ಇರುತ್ತದೆ. ಅಂಗಡಿಯವರು ಮೊಬೈಲಿನತ್ತ ಒಂದು ಕಣ್ಣು ಹಾಯಿಸಿ, ‘ಮ್ಯಾಚಿಂಗ್ ದಾಖವತೋ ನಾ’ ಎಂದು ಥಾನು ಬಿಚ್ಚುತ್ತಾರೆ. ಗೋಡೆಯ ಕ್ರೀಮು ಒಂದು ಬಗೆ, ಫೋಟೊದ ಕ್ರೀಮು ಇನ್ನೊಂದು, ಅಂಗಡಿಯ ಕಣ್ಣು ಕುಕ್ಕುವ ಎಲ್‌ಇಡಿಯಡಿ ಬಟ್ಟೆ ತೋರಿಸುವ ಕ್ರೀಮು ಮತ್ತೂ ಒಂದು. ಈ ಮೂರನ್ನೂ ಹೊಂದಿಸಿ ತಂದ ಪರದೆ ಮನೆಯ ಕಿಟಕಿಗೆ ಏರಿದ ಮೇಲೆ ನಾಲ್ಕನೆಯ ಬಣ್ಣ ತೋರಿಸುತ್ತದೆ. ಆಮೇಲೆ ಶುರು: ‘ಆಗಲೇ ಹೇಳಿರಲಿಲ್ಲವೇನ್ರೀ?’

ಹೇಳಿದವರೂ ನೋಡಿದ್ದು ಗೋಡೆಯನ್ನೇ. ನನ್ನ ಲೆಕ್ಕದಲ್ಲಿ ಗೋಡೆಗೆ ಎರಡನೆಯ ಸ್ಥಾನ, ಬೆಳಕಿಗೆ ಮೊದಲನೆಯದು. ಹಗಲು ಹೊತ್ತು ಗೋಡೆಯ ಮೇಲೆ ಬೀಳುವ ಬೆಳಕು ಪರದೆಯನ್ನು ದಾಟಿಯೇ ಬರಬೇಕು. ತೆಳು ಕಿತ್ತಳೆ ಪರದೆ ಎಳೆದಿರೋ, ಕ್ರೀಮು ಗೋಡೆಯೂ ಕಿತ್ತಳೆಗೆ ತಿರುಗುತ್ತದೆ. ಗಿಳಿಹಸಿರು ಎಳೆದಿರೋ, ಸೋಫಾದಲ್ಲಿ ಕೂತ ನೆಂಟರೆಲ್ಲ ಜ್ವರದಿಂದ ಎದ್ದವರಂತೆ ಕಾಣುತ್ತಾರೆ. ಬಟ್ಟೆಯನ್ನು ಕೌಂಟರಿನ ಮೇಲೆ ಹಾಸಿ ನೋಡುವುದಲ್ಲ, ಅಂಗಡಿಯ ಬಾಗಿಲಿಗೆ ಬಂದು ಬಿಸಿಲಿಗೆ ಹಿಡಿದು, ಹಿಂದಿನಿಂದ ಬೆಳಕು ಹಾಯಿಸಿ ನೋಡಬೇಕು. ಉಲ್ಲಾಸನಗರದ ಗಜಾನನ ಮಾರ್ಕೆಟ್ಟಿನ ಇಕ್ಕಟ್ಟಿನಲ್ಲಿ ಇದಕ್ಕೆ ನಾಲ್ಕು ಜನರನ್ನು ತಳ್ಳಿಕೊಂಡು ಬರಬೇಕಾದೀತು. ಬನ್ನಿ, ನಾಚಿಕೆ ಬೇಡ.

ನಮ್ಮ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶವೊಂದರಲ್ಲೇ ಬೆಳಕು ಎಷ್ಟು ಬಗೆ ನೋಡಿ. ಮಿಲಾಪ್ ನಗರ, ಸುದರ್ಶನ ನಗರದ ಹಳೆಯ ಬಂಗಲೆಗಳ ಕಿಟಕಿಗೆ ಮರದ ನೆರಳು, ಒಳಗೆ ಬರುವ ಬೆಳಕೇ ಅರ್ಧ ಹಸಿರು. ಅಲ್ಲಿಗೆ ಗೋಧಿ ಬಣ್ಣ, ತಿಳಿ ಪೀಚ್ ಚೆಂದ. ಪಿಸ್ತಾ ಹಾಕಿದರೆ ಕೋಣೆ ಪಾಚಿ ಕಟ್ಟಿದಂತೆ. ಕಲ್ಯಾಣ–ಶೀಳ್ ರಸ್ತೆಯ ಕಡೆ ಎದ್ದಿರುವ ಎತ್ತರದ ಕಟ್ಟಡಗಳಲ್ಲಿ ಪಶ್ಚಿಮದ ಬಾಲ್ಕನಿ ಸಿಕ್ಕವರಿಗೆ ಮಧ್ಯಾಹ್ನದ ಮೇಲೆ ಬಿಸಿಲು ನಡುಮನೆಯವರೆಗೂ ಬರುತ್ತದೆ. ಅವರಿಗೆ ಒಳಗೊಂದು ಬಿಳಿ ಶಿಯರ್, ಮೇಲೊಂದು ಬೂದಿ ಬೆರೆತ ದಪ್ಪ ನೀಲಿ. ಹಳೆಯ ಸೊಸೈಟಿಗಳ ನೆಲಮಹಡಿಗೆ ಎದುರು ಕಟ್ಟಡದ ಗೋಡೆಗೆ ತಾಗಿ ಮರಳಿದ ಬೆಳಕಷ್ಟೇ ಗತಿ. ಅಲ್ಲಿ ಬಣ್ಣದ ಯೋಚನೆ ಬಿಟ್ಟು, ಪರದೆ ಸರಿಸಿದಾಗ ಗಾಜು ಪೂರ್ತಿ ತೆರೆಯುವಂತೆ ರಾಡನ್ನು ಕಿಟಕಿಯ ಚೌಕಟ್ಟಿಗಿಂತ ಅಗಲವಾಗಿ ಹಾಕಿಸಿ. ಈ ಮೂರೂ ಮನೆಯ ಗೋಡೆಗೆ ಒಂದೇ ಡಬ್ಬಿಯ ಕ್ರೀಮು ಬಳಿದಿದ್ದರೂ ಪರದೆ ಬೇರೆಯೇ ಆಗಬೇಕು.

ಊರು ಬಿಟ್ಟು ಇಲ್ಲಿಗೆ ಬಂದ ನಮ್ಮಲ್ಲಿ ಬಹಳ ಜನಕ್ಕೆ ಈ ಕಸರತ್ತು ಹೊಸದು. ಉಡುಪಿ, ಕುಂದಾಪುರದ ಹೆಂಚಿನ ಮನೆಗಳಲ್ಲಿ ಮಾಡಿನ ಇಳಿಜಾರೇ ಬಿಸಿಲನ್ನು ತಡೆಯುತ್ತಿತ್ತು. ಸ್ಪ್ರಿಂಗ್ ತಂತಿಗೆ ಪೋಣಿಸಿದ ಅರ್ಧ ಪರದೆ ಇದ್ದದ್ದು ದಾರಿಹೋಕರ ಕಣ್ಣು ತಪ್ಪಿಸಲಿಕ್ಕೆ. ಹಳೆಯ ವಾಯಿಲ್ ಸೀರೆ ಸಾಕಾಗುತ್ತಿತ್ತು, ಬಣ್ಣ ಯಾರು ಕೇಳಿದರು?

ಗೋಡೆಯ ವಿಷಯಕ್ಕೆ ಬರೋಣ. ಎರಡು ಬಣ್ಣ ಪಕ್ಕಪಕ್ಕ ಬಂದಾಗ ಒಂದನ್ನೊಂದು ಕೆಡಿಸುವ, ಇಲ್ಲವೇ ಎತ್ತಿಹಿಡಿಯುವ ಬಗೆಯನ್ನು ಮೊದಲು ಕೂಲಂಕಷವಾಗಿ ಬರೆದಿಟ್ಟವನು ಚಿತ್ರಕಾರನಲ್ಲ, ರಸಾಯನಶಾಸ್ತ್ರಜ್ಞ. ರಾಸಾಯನಿಕ ಕಾರ್ಖಾನೆಗಳ ನಡುವೆ ಬಾಳುವ ಎಂಐಡಿಸಿಯವರಿಗೆ ಇದು ಹೆಮ್ಮೆಯ ಸಂಗತಿಯಾಗಬೇಕು. ಮಿಶೆಲ್ ಯೂಜೀನ್ ಷೆವ್ರಲ್ 1824ರಲ್ಲಿ ಪ್ಯಾರಿಸ್ಸಿನ ಗೊಬೆಲಿನ್ ನೇಯ್ಗೆ ಕಾರ್ಖಾನೆಯ ಬಣ್ಣದ ವಿಭಾಗಕ್ಕೆ ಮುಖ್ಯಸ್ಥನಾಗಿ ಬಂದ. ಕಪ್ಪು ನೂಲಿಗೆ ಕಸುವಿಲ್ಲ, ಬಣ್ಣ ಸರಿಯಾಗಿ ಹಿಡಿದಿಲ್ಲ ಎಂದು ನೇಕಾರರ ದೂರು. ಷೆವ್ರಲ್ ಬೇರೆ ಕಡೆಯ ಕಪ್ಪು ನೂಲು ತರಿಸಿ ಹೋಲಿಸಿ ನೋಡಿದ. ಬಣ್ಣದಲ್ಲಿ ಏನೂ ಐಬಿರಲಿಲ್ಲ. ಕಪ್ಪನ್ನು ನೀಲಿ, ನೇರಳೆಯ ಪಕ್ಕ ನೇಯುತ್ತಿದ್ದರು, ಆ ನೆರೆಯಿಂದಾಗಿ ಅದು ಮಂಕಾಗಿ ಕಾಣುತ್ತಿತ್ತು. ಇದನ್ನೇ ಹಿಂಬಾಲಿಸಿ 1839ರಲ್ಲಿ ದೊಡ್ಡ ಗ್ರಂಥ ಬರೆದ. ಆಸಾಮಿ ಬದುಕಿದ್ದು 102 ವರ್ಷ.

ಅವನ ಮಾತನ್ನು ನಮ್ಮ ಹಾಲ್‌ಗೆ ಇಳಿಸಿದರೆ ಹೀಗೆ: ಕ್ರೀಮು ಗೋಡೆಯ ಪಕ್ಕ ಗಾಢ ನೀಲಿ ತೂಗಿದರೆ ಕ್ರೀಮು ಇನ್ನಷ್ಟು ಹಳದಿಯಾಗುತ್ತದೆ. ಬಾಡಿಗೆ ಮನೆಯ ಹಳೆ ಕ್ರೀಮಾದರೆ ಎಣ್ಣೆ ಹಿಡಿದ ಗೋಡೆಯಂತೆ ಕಾಣುವ ಅಪಾಯವಿದೆ. ಅಚ್ಚ ಬಿಳಿ ಪರದೆಯೂ ಅಷ್ಟೇ, ಕ್ರೀಮನ್ನು ಕೊಳಕಾಗಿಸುತ್ತದೆ. ಆಫ್ ವೈಟ್ ಕ್ಷಮಿಸುತ್ತದೆ. ಪಿಸ್ತಾ ಗೋಡೆಗೆ ಮರೂನ್ ಪರದೆ ಬಂದರೆ ಎರಡೂ ಕೂಗಾಡುತ್ತವೆ. ಮರೂನ್ ಬಿಡಲೇ ಆಗದಿದ್ದರೆ ಪರದೆಯ ಅಂಚಿಗೆ ಮೂರು ಬೆರಳಗಲ ಬೀಜ್ ಪಟ್ಟಿ ಹೊಲಿಸಿ. ಜಗಳ ಬಿಡಿಸಲು ಅಷ್ಟು ಸಾಕು.

ಬಣ್ಣ ಎಲ್ಲಿಂದ ಎತ್ತಿಕೊಳ್ಳುವುದು ಅನ್ನುವವರಿಗೆ ಇಳಕಲ್ ಸೀರೆ ಉಡುವ ಹೆಂಗಸರೇ ಗುರು. ಅವರು ಕುಪ್ಪಸದ ಖಣವನ್ನು ಸೀರೆಯ ಒಡಲಿಗೆ ಹೊಂದಿಸುವುದಿಲ್ಲ, ದಡಿಗೆ ಹೊಂದಿಸುತ್ತಾರೆ. ಮನೆಯಲ್ಲಿ ಗೋಡೆ ಒಡಲು. ನೆಲದ ಟೈಲ್ಸು, ಬಾಗಿಲಿನ ಸಾಗುವಾನಿ, ಸೋಫಾದ ದಿಂಬು ಇವು ದಡಿ. ಪರದೆ ಅಲ್ಲಿಂದ ಒಂದು ಬಣ್ಣ ಸಾಲ ತರಲಿ.

ಇನ್ನು ಗಾಳಿ. ಬೇರೆ ಊರಿನ ಅಂಕಣಕಾರರು ಇದನ್ನು ಬರೆಯುವುದಿಲ್ಲ, ಡೊಂಬಿವಲಿಯವರು ಬರೆಯದೆ ಇರುವಂತಿಲ್ಲ. 2014ರ ಜನವರಿಯಲ್ಲಿ ಇಲ್ಲಿ ಹಸಿರು ಮಳೆ ಬಿತ್ತೆಂದು ದೇಶವೆಲ್ಲ ಓದಿತು. 2020ರ ಫೆಬ್ರುವರಿಯಲ್ಲಿ ಎಂಐಡಿಸಿಯ ರಸ್ತೆ ಗುಲಾಬಿಯಾಗಿ, ಆಗಿನ ಮುಖ್ಯಮಂತ್ರಿ ಉದ್ಧವ್ ಠಾಕ್ರೆಯವರೇ ನೋಡಲು ಬಂದರು. ಬಣ್ಣ ಮತ್ತು ರಾಸಾಯನಿಕ ತಯಾರಿಸುವ ಊರಿನಲ್ಲಿ ಬಣ್ಣ ಬಾಳುವುದೇ ಕಷ್ಟ. ಬಿಸಿಲಿಗೆ ಬಣ್ಣ ಹೋಗುವುದನ್ನು ಎಲ್ಲರೂ ಬಲ್ಲರು, ಹೊಗೆಗೂ ಹೋಗುತ್ತದೆ ಎಂಬುದನ್ನು ಬಣ್ಣದ ಕಾರ್ಖಾನೆಯಲ್ಲಿ ದುಡಿದವರು ಬಲ್ಲರು. ಅಸಿಟೇಟ್ ರೇಯಾನ್ ಹೊಸದಾಗಿ ಬಂದ ಕಾಲದಲ್ಲಿ ನೀಲಿ ಬಟ್ಟೆಗಳು ಕಪಾಟಿನೊಳಗೇ ಕೆಂಪು ಛಾಯೆಗೆ ತಿರುಗತೊಡಗಿದವು. ಗ್ಯಾಸ್ ಉರಿಯಿಂದ ಹೊರಡುವ ನೈಟ್ರೋಜನ್ ಆಕ್ಸೈಡುಗಳು ಆ ನೀಲಿಯನ್ನು ಮುರಿಯುತ್ತಿದ್ದವು. ಇಂದಿಗೂ ಬಣ್ಣ ಬಿಸಿಲಿಗೆ ತಡೆಯುತ್ತದೆಯೇ ಎಂಬುದಕ್ಕೆ ಒಂದು ಪರೀಕ್ಷೆ, ಹೊಗೆಗೆ ತಡೆಯುತ್ತದೆಯೇ ಎಂಬುದಕ್ಕೆ ಬೇರೆಯೇ ಪರೀಕ್ಷೆ. ಬಿಸಿಲಿನದಕ್ಕೆ ನೀಲಿ ಉಣ್ಣೆಯ ಪಟ್ಟಿಗಳ ಜೊತೆ ಹೋಲಿಸಿ 1ರಿಂದ 8ರವರೆಗೆ ಅಂಕ ಕೊಡುತ್ತಾರೆ. ರಫ್ತು ಮಾಲಿನವರಿಗೆ ಈ ಅಂಕ ಬಾಯಿಪಾಠ, ನಮ್ಮ ಅಂಗಡಿಯವರು ‘ಗ್ಯಾರಂಟಿ ಹೈ’ ಅನ್ನುವಲ್ಲಿಗೆ ನಿಲ್ಲಿಸುತ್ತಾರೆ.

ಅದರ ಜೊತೆಗೆ ಕಿಟಕಿಯ ಕಟ್ಟೆಯ ಮೇಲೆ ದಿನಾ ಕೂರುವ ಕಪ್ಪು ಧೂಳು. ಬೆರಳಲ್ಲಿ ಒರೆಸಿದರೆ ಜಿಡ್ಡು. ವೆಲ್ವೆಟ್ಟು, ಚೆನಿಲ್ ಇಂಥಲ್ಲಿ ಬೇಡವೇ ಬೇಡ. ಧೂಳನ್ನೂ ವಾಸನೆಯನ್ನೂ ಹೊಟ್ಟೆಯೊಳಗೆ ಇಟ್ಟುಕೊಂಡು ರಾತ್ರಿ ಬಿಡುತ್ತವೆ. ಯಂತ್ರಕ್ಕೆ ಹಾಕಿ ಒಗೆಯಬಲ್ಲ ಪಾಲಿಯೆಸ್ಟರ್ ಬೆರೆತ ಬಟ್ಟೆ, ಅದೂ ನಡುವಣ ಬಣ್ಣದ್ದು. ಬಿಳಿ ಹದಿನೈದೇ ದಿನದಲ್ಲಿ ಮಾಸುತ್ತದೆ. ಕಡುಗಪ್ಪಿನ ಮೇಲೆ ಒಣ ಧೂಳು ಬೂದಿಯಂತೆ ಎದ್ದು ಕಾಣುತ್ತದೆ. ಒದ್ದೆ ಮರಳಿನ ಬಣ್ಣ, ಬೂದಿಹಸಿರು, ಮಾಸಲು ಗುಲಾಬಿ: ಈ ಮೂರು ಕೊಳೆಯನ್ನು ಬಹಳ ದಿನ ಗುಟ್ಟಾಗಿಡುತ್ತವೆ. ಹೂವಿನ ತ್ರೀಡಿ ಪ್ರಿಂಟೂ ಗುಟ್ಟಾಗಿಡುತ್ತದೆ, ಒಪ್ಪಿದೆ. ಆದರೆ ಅದರ ಎದುರು ಕೂತು ಚಹಾ ಕುಡಿಯಲು ನನ್ನಿಂದಾಗದು.

ಲೈನಿಂಗ್ ಹಾಕಿಸಿ ಎಂದು ನಾನು ಹಟ ಹಿಡಿಯುವುದಕ್ಕೆ ಬಣ್ಣ ಅರ್ಧ ಕಾರಣ. ಹಿಂದೆ ಅಸ್ತರಿದ್ದರೆ ಬಿಸಿಲಿನ ಪೆಟ್ಟನ್ನು ಅದು ತಿನ್ನುತ್ತದೆ, ಮುಂದಿನ ಬಣ್ಣ ಉಳಿಯುತ್ತದೆ. ಉಳಿದರ್ಧ ಕಾರಣ ಇಲ್ಲಿಯವರಿಗೆ ಬಿಡಿಸಿ ಹೇಳಬೇಕಿಲ್ಲ. 2016ರ ಮೇ 26, 2024ರ ಮೇ 23 – ಎಂಐಡಿಸಿ ಕಾರ್ಖಾನೆಗಳ ಆ ಎರಡು ಸ್ಫೋಟಗಳಲ್ಲೂ ಸುತ್ತಲಿನ ಮನೆಗಳ ಕಿಟಕಿ ಗಾಜು ಪುಡಿಯಾಗಿ ಒಳಗೆ ಬಂತು. ಎಳೆದಿಟ್ಟ ದಪ್ಪ ಪರದೆ ಗಾಜಿನ ಚೂರನ್ನು ಅಷ್ಟಿಷ್ಟಾದರೂ ತಡೆಯುತ್ತದೆ. ಮಕ್ಕಳ ಮಂಚ ಕಿಟಕಿಯ ಪಕ್ಕದಲ್ಲಿದ್ದರೆ ತೆಳು ಶಿಯರ್ ಒಂದನ್ನೇ ಹಾಕಬೇಡಿ.

ಸಂಜೆಯ ಲೆಕ್ಕ ಬೇರೆ. ಕತ್ತಲಾಗುತ್ತ ಬಂದಂತೆ ಕಣ್ಣಿಗೆ ಕೆಂಪು ಮೊದಲು ಕಪ್ಪಾಗುತ್ತದೆ, ನೀಲಿ ಹೆಚ್ಚು ಹೊತ್ತು ಬೆಳಗುತ್ತದೆ. ಪುರ್ಕಿಂಯೆ ಎಂಬ ಚೆಕ್ ವಿಜ್ಞಾನಿ ಇದನ್ನು ಗುರುತಿಸಿ ಇನ್ನೂರು ವರ್ಷವಾಯಿತು. ಆರೂವರೆಗೆ ದೀಪ ಹಚ್ಚುವ ಮೊದಲು ನಿಮ್ಮ ಮರೂನ್ ಪರದೆ ನೋಡಿ, ಕರಿ ಕಂಬಳಿ. ದೀಪ ಹಚ್ಚಿದ ಮೇಲೆ ಬಲ್ಬಿನ ಸರದಿ. 6500 ಕೆಲ್ವಿನ್ನಿನ ಬಿಳಿ ಎಲ್‌ಇಡಿಯಲ್ಲಿ ಬೂದು ಬಣ್ಣ ನೀಲಿಗೆ ಜಾರುತ್ತದೆ, 3000ದ ಹಳದಿ ಬೆಳಕಿನಲ್ಲಿ ಅದೇ ಬೂದು ಕಂದಾಗುತ್ತದೆ. ಪರದೆ ಬದಲಿಸುವ ಮುನ್ನ ಬಲ್ಬು ಬದಲಿಸಿ ನೋಡಿದರೆ ಕೆಲವು ಮನೆಗಳಲ್ಲಿ ಸಾವಿರಾರು ರೂಪಾಯಿ ಉಳಿದೀತು.

ಕಡೆಗೆ ಅಳತೆ. ರೆಡಿಮೇಡ್ ಸಿಗುವುದು ಕಿಟಕಿಗೆ 5 ಅಡಿ, ಬಾಗಿಲಿಗೆ 7, ಉದ್ದದ್ದು 9. ನೆಲದಿಂದ ಒಂದು ಗೇಣು ಮೇಲೆ ನಿಂತ ಪರದೆಗೆ ಯಾವ ಬಣ್ಣವೂ ಒಪ್ಪುವುದಿಲ್ಲ. ಹೊಲಿಸುವುದಾದರೆ ಅಗಲ ಕಿಟಕಿಯ ಎರಡರಿಂದ ಎರಡೂವರೆ ಪಟ್ಟು ಇರಲಿ, ನೆರಿಗೆ ತುಂಬಿದಾಗಲೇ ಬಣ್ಣಕ್ಕೆ ನೆರಳು–ಬೆಳಕು ಬರುವುದು. ಹತ್ತಿ ಬಟ್ಟೆಯಾದರೆ ಹೊಲಿಸುವ ಮೊದಲು ನೀರಿಗೆ ಹಾಕಿ ಒಣಗಿಸಿ, ಕುಗ್ಗುತ್ತದೆ. ಟೇಲರಿಗೆ ಬಟ್ಟೆ ಕೊಡುವುದು ಗಣೇಶ ಚತುರ್ಥಿಗೆ ಮೊದಲೇ ಆಗಲಿ. ಆಮೇಲೆ ಕೊಟ್ಟರೆ ದೀಪಾವಳಿಯ ಹಿಂದಿನ ರಾತ್ರಿ ಅವರ ಅಂಗಡಿಯಲ್ಲಿ ಸ್ಟೂಲ್ ಹಾಕಿಕೊಂಡು ಕೂರಬೇಕಾಗುತ್ತದೆ.