ಗಾಳಿ ಬೆನ್ನ ಹಿಂದಿನಿಂದ ಬರುತ್ತದೆ

ಚಾವಣಿ ತೆರೆದ ಸ್ಪೋರ್ಟ್ಸ್ ಕಾರಿನ ಯಾವ ಚಿತ್ರ ನೋಡಿದರೂ ಚಾಲಕನ ಮೂಗಿನ ಮೇಲೆ ಕೂಲಿಂಗ್ ಗ್ಲಾಸ್ ಇರುತ್ತದೆ, ಕಿವಿ ಬರಿದಾಗಿರುತ್ತದೆ. ಸಿನಿಮಾ, ಜಾಹೀರಾತು, ಮೋಟಾರು ಪತ್ರಿಕೆಗಳ ಮುಖಪುಟ ಎಲ್ಲವೂ ಸೇರಿ ಆ ಕನ್ನಡಕಕ್ಕೆ ತಂದುಕೊಟ್ಟಿರುವ ಕೀರ್ತಿ ಅದರ ಯೋಗ್ಯತೆಗಿಂತ ಬಹಳ ದೊಡ್ಡದು. ಕಣ್ಣನ್ನೇ ಅದು ಅರ್ಧ ಕಾಯುತ್ತದೆ. ಕಿವಿ ಕಾಯುವ ಇಯರ್‌ಪ್ಲಗ್ಗಿನ ಹೆಸರನ್ನಂತೂ ಯಾರೂ ಎತ್ತುವುದಿಲ್ಲ.

ಈ ಅಭ್ಯಾಸವನ್ನು ಒರೆಗೆ ಹಚ್ಚಲು ದೆಹಲಿಯ ವಾಯವ್ಯ ಮೂಲೆಯ ರೋಹಿಣಿಗಿಂತ ತಕ್ಕ ಜಾಗ ಸಿಗುವುದು ಕಷ್ಟ. 1980ರ ದಶಕದಲ್ಲಿ ದೆಹಲಿ ಅಭಿವೃದ್ಧಿ ಪ್ರಾಧಿಕಾರ ಸೆಕ್ಟರ್ ಸೆಕ್ಟರ್ ಆಗಿ ಕಟ್ಟಲು ತೊಡಗಿದ ಈ ಉಪನಗರದಲ್ಲೇ 2025ರ ಆಗಸ್ಟ್ 17ರಂದು ಪ್ರಧಾನಿ ಹೊಸ ಹೆದ್ದಾರಿ ಯುಇಆರ್-2 ಅನ್ನು ಉದ್ಘಾಟಿಸಿದರು. ಅದಕ್ಕೆ ಕೆಲವೇ ವಾರ ಮೊದಲು, ಜುಲೈನಲ್ಲಿ, ಎಂಜಿ ಸೈಬರ್‌ಸ್ಟರ್ ಎಂಬ ಎರಡು ಸೀಟಿನ ವಿದ್ಯುತ್ ಕಾರು ಭಾರತದ ಮಾರುಕಟ್ಟೆಗೆ ಬಂದಿತ್ತು. ಇಲ್ಲಿನ ಮಧುಬನ್ ಚೌಕದ ದಟ್ಟಣೆಯಲ್ಲಿ ತೆವಳುವ ತೆರೆದ ಕಾರು ಸ್ವಲ್ಪ ಹೊತ್ತಿನಲ್ಲೇ ಹೆದ್ದಾರಿಯ ವೇಗಕ್ಕೆ ಏರಬಲ್ಲ ಊರು ಇದು.

ಮೊದಲು ಕಣ್ಣಿನ ಲೆಕ್ಕ. ಏವಿಯೇಟರ್ ಮಾದರಿಯ ಕನ್ನಡಕವನ್ನೇ ತೆಗೆದುಕೊಳ್ಳೋಣ. 1930ರ ದಶಕದಲ್ಲಿ ಬಾಶ್ ಅಂಡ್ ಲಾಂಬ್ ಸಂಸ್ಥೆ ಅಮೆರಿಕದ ವಿಮಾನ ಚಾಲಕರಿಗೆಂದು ಅದನ್ನು ರೂಪಿಸಿತು. ಮುಗಿಲೆತ್ತರದ ಪ್ರಖರ ಬೆಳಕನ್ನು ತಗ್ಗಿಸುವುದು ಅದಕ್ಕೆ ವಹಿಸಿದ ಕೆಲಸ. ಗಾಳಿಗೆ ಮೈಯೊಡ್ಡಿ ಹಾರುತ್ತಿದ್ದ ಪೈಲಟ್‌ಗಳಾಗಲಿ, ಮುಂಗಾಜಿಲ್ಲದ ಕಾಲದ ಮೋಟಾರು ಸವಾರರಾಗಲಿ ಹಾಕುತ್ತಿದ್ದದ್ದು ಮುಖಕ್ಕೆ ಅಂಟಿ ಕೂರುವ ಗಾಗಲ್ಸ್. ಪೈಲಟ್‌ಗಳ ಹೆಸರು ಮಾತ್ರ ಏವಿಯೇಟರ್‌ಗೆ ಬಂತು, ಗಾಗಲ್ಸ್ ಮಾಡುತ್ತಿದ್ದ ಕೆಲಸ ಬರಲಿಲ್ಲ.

ತೆರೆದ ಕಾರಿನೊಳಗೆ ಗಾಳಿ ಹೇಗೆ ಓಡಾಡುತ್ತದೆ ಎಂದು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಎದುರುಗಾಳಿಯನ್ನು ಮುಂಗಾಜು ಮೇಲಕ್ಕೆ ಹಾಯಿಸಿಬಿಡುತ್ತದೆ. ಗಾಜಿನ ಮೇಲಂಚು ದಾಟಿದ ಗಾಳಿ, ಸೀಟುಗಳ ಹಿಂದೆ ಒತ್ತಡ ಕಡಿಮೆಯಿರುವ ಕಡೆಗೆ ಧುಮುಕಿ, ಸುಳಿಯಾಗಿ ತಿರುಗಿ, ಹಿಂದಿನಿಂದ ಮುಂದಕ್ಕೆ ನುಗ್ಗುತ್ತದೆ. ಚಿತ್ರಗಳಲ್ಲಿ ಹಿಂದಕ್ಕೆ ಹಾರುವ ಉದ್ದ ಕೂದಲು ನಿಜದ ಪ್ರಯಾಣದಲ್ಲಿ ಮುಖದ ಮೇಲೆಯೇ ಬಂದು ಬೀಳುವುದು ಇದರಿಂದಲೇ. ಧೂಳಿನ ದಾರಿಯೂ ಅದೇ. ಕಪೋಲ ಮತ್ತು ಕನ್ನಡಕದ ನಡುವಿನ ಸಂದಿಯಲ್ಲಿ ಒಳಹೊಕ್ಕ ಕಣ ಗಾಜಿನ ಒಳಮೈಗೆ ಬಡಿದು ಕಣ್ಣಿಗೆ ಬೀಳುತ್ತದೆ. ಎದುರಿನಿಂದ ಬರುವುದನ್ನು ಮುಂಗಾಜು ಆಗಲೇ ತಡೆದಿದೆ. ಹಿಂದಿನಿಂದ ಬರುವುದಕ್ಕೆ ಚಪ್ಪಟೆ ಕನ್ನಡಕದಲ್ಲಿ ತಡೆಯೇ ಇಲ್ಲ.

ಮೇ ತಿಂಗಳ ಬಿಸಿಗಾಳಿ ಲೂ ಬೀಸುವಾಗ, ರೋಹಿಣಿಯಾಚೆಯ ಬವಾನಾ ಕಡೆಯ ಧೂಳು ಏಳುವಾಗ, ಕಣ್ಣಿನ ಮೇಲಿನ ತೆಳು ನೀರಪೊರೆ ಬೇಗ ಆರುತ್ತದೆ. ಕಣ್ಣು ಉರಿದು, ಆಮೇಲೆ ನೀರು ಸುರಿದು ದಾರಿ ಮಸುಕಾಗುತ್ತದೆ. ನವೆಂಬರಿನ ಹೊಗೆಮಂಜು ಇನ್ನೂ ಕ್ರೂರ. ಆಗ ಚಾವಣಿ ಮುಚ್ಚುವುದೊಂದೇ ವಿವೇಕ. ಉಳಿದ ದಿನಗಳಲ್ಲಿ ಕಪೋಲವನ್ನು ಬಳಸಿ ಕೂರುವ ಪಾಲಿಕಾರ್ಬೊನೇಟ್ ಕನ್ನಡಕ ಬೇಕು, ಸೀಟುಗಳ ಹಿಂದೆ ಸುಳಿಯನ್ನು ಒಡೆಯುವ ಬಲೆಯ ತಡೆ ಬೇಕು. ಪಡುವಣ ಬಿಸಿಲು ಎದುರಾದಾಗ ಬಣ್ಣದ ಗಾಜು ನಿಜಕ್ಕೂ ಉಪಕಾರಿ, ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ನಾಲ್ಕನೇ ದರ್ಜೆಯ ಅತಿ ಕಪ್ಪು ಗಾಜು ನೂರಕ್ಕೆ ಎಂಟು ಪಾಲಿಗಿಂತ ಹೆಚ್ಚು ಬೆಳಕು ಬಿಡುವುದಿಲ್ಲ. ವಾಹನ ನಡೆಸಲು ಅದು ತಕ್ಕುದಲ್ಲ.

ಕಿವಿಯ ಲೆಕ್ಕ ಇದಕ್ಕಿಂತ ಕಠಿಣ. 2011ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದ ಕಿವಿತಜ್ಞರು ಐದು ಕನ್ವರ್ಟಿಬಲ್ ಕಾರುಗಳನ್ನು ಓಡಿಸಿ ಸದ್ದು ಅಳೆದರು. ಗಂಟೆಗೆ ಸುಮಾರು 88 ಕಿಲೋಮೀಟರ್ ವೇಗದಲ್ಲಿ, ಚಾವಣಿ ತೆರೆದಾಗ, ನಾಲ್ಕು ಕಾರುಗಳು 85 ಡೆಸಿಬೆಲ್ ದಾಟಿದವು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ದಿನಕ್ಕೆ ಎಂಟು ಗಂಟೆ ಸಹಿಸಬಹುದೆನ್ನುವ ಮಿತಿ ಅದೇ 85. ಅಲ್ಲಿಂದ ಮೂರು ಡೆಸಿಬೆಲ್ ಏರಿದಂತೆಲ್ಲ ಅವಧಿ ಅರ್ಧಕ್ಕಿಳಿಯುತ್ತದೆ: 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು. ವಸತಿ ಪ್ರದೇಶಕ್ಕೆ ನಮ್ಮ 2000ದ ಶಬ್ದಮಾಲಿನ್ಯ ನಿಯಮಗಳು ಹಗಲಿಗೆ ಗೊತ್ತುಪಡಿಸಿದ್ದು 55. ಅದಕ್ಕೂ 85ಕ್ಕೂ ನಡುವಿನ ಅಂತರವೆಂದರೆ ಸದ್ದಿನ ಶಕ್ತಿಯಲ್ಲಿ ಸಾವಿರ ಪಟ್ಟು. ಬಲಬದಿಯಲ್ಲಿ ಕೂತು ನಡೆಸುವ ನಮ್ಮ ಚಾಲಕರ ಬಲಗಿವಿ ತೆರೆದ ಕಿಟಕಿಗೆ ತೀರ ಹತ್ತಿರ; ಹಿಂದಿಕ್ಕಿ ಹೋಗುವ ಲಾರಿಯ ಹಾರ್ನೂ ಅದೇ ಕಿವಿಗೆ.

ಇಲ್ಲಿ ಮೋಟಾರು ವಿಮರ್ಶಕರೊಡನೆ ಜಗಳ ಅನಿವಾರ್ಯ. ಅವರ ಬರಹದಲ್ಲಿ ಕಿವಿ ಇರುವುದು ಎಂಜಿನ್ನಿನ ಸ್ವರ ಸವಿಯುವುದಕ್ಕೆ ಮಾತ್ರ. ವಿದ್ಯುತ್ ಕಾರು ಬಂದ ಮೇಲೆ ‘ನಿಶ್ಶಬ್ದ’ ಎಂಬ ಮಾತು ಚಾಲ್ತಿಗೆ ಬಂದಿದೆ. ಆದರೆ ಹೆದ್ದಾರಿಯಲ್ಲಿ ತೆರೆದ ಕಾರಿನ ಸದ್ದೆಂದರೆ ಮುಖ್ಯವಾಗಿ ಗಾಳಿಯದು. ವೇಗ ಇಮ್ಮಡಿಸಿದರೆ ಅದರ ಶಕ್ತಿ ಹತ್ತಾರು ಪಟ್ಟಾಗುತ್ತದೆ. ಮೋಟರ್ ಮೌನವಾಗಿದ್ದರೆ ಆ ಗಾಳಿಗೇನು ತಡೆ?

ಇಯರ್‌ಪ್ಲಗ್ ಹಾಕಿದರೆ ಹಾರ್ನ್ ಕೇಳಿಸದು ಎಂಬುದು ಅವರ ಇನ್ನೊಂದು ವಾದ. ಮಧುಬನ್ ಚೌಕದಲ್ಲಿ ಈ ಮಾತು ಸರಿ, ಅಲ್ಲಿ ಪ್ಲಗ್ ಜೇಬಿನಲ್ಲಿರಲಿ. ಹೆದ್ದಾರಿಯಲ್ಲಿ ಸರಿಯಲ್ಲ. ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಸಮನಾಗಿ ತಗ್ಗಿಸುವ ಫಿಲ್ಟರ್ ಪ್ಲಗ್ ಗಾಳಿಯನ್ನೂ ಹಾರ್ನನ್ನೂ ಒಂದೇ ಅಳತೆಯಲ್ಲಿ ಇಳಿಸುತ್ತದೆ. ಹಾಗಾಗಿ ಅವುಗಳ ನಡುವಿನ ಅಂತರ ಉಳಿದುಕೊಳ್ಳುತ್ತದೆ. ನಿಜವಾಗಿ ಹಾರ್ನನ್ನು ಮುಚ್ಚಿಹಾಕುವುದು ಗಾಳಿಯ ಭೋರ್ಗರೆತ. ಅಗ್ಗದ ಸ್ಪಂಜಿನ ಪ್ಲಗ್ ಎತ್ತರದ ಸ್ವರಗಳನ್ನು ಅತಿಯಾಗಿ ನುಂಗುವುದರಿಂದ ಮಾತು ಮಬ್ಬಾಗುತ್ತದೆ, ರಸ್ತೆಗೆ ಅದು ಬೇಡ. ದೆಹಲಿಯ ಚಳಿಗೆ ಹೊಸಬರಾದ ಕನ್ನಡಿಗರು ಕಿವಿಗಿಡುವ ಹತ್ತಿ ಚಳಿ ತಡೆದೀತು, ಸದ್ದನ್ನಲ್ಲ. ಹಾಡು ಹಾಕಿ ಇಯರ್‌ಫೋನ್ ಸಿಕ್ಕಿಸುವುದು ಸದ್ದಿನ ಮೇಲೆ ಸದ್ದು ಸುರಿದಂತೆ.

ಪಕ್ಕದ ಕಿಟಕಿಗಾಜು ಏರಿಸುವುದು ಖರ್ಚಿಲ್ಲದ ರಕ್ಷಣೆ. ಚಿತ್ರದಲ್ಲಿ ಚೆನ್ನಾಗಿ ಕಾಣುವುದಿಲ್ಲವೆಂದೋ ಏನೋ, ಅದನ್ನು ಯಾರೂ ಹೊಗಳುವುದಿಲ್ಲ.

ಒಳಕಿವಿಯ ರೋಮಕೋಶಗಳು ಸತ್ತರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಕಾರಿನ ಮೈಲೇಜು, ಬೂಟಿನ ಲೀಟರು, ನೂರರ ವೇಗಕ್ಕೆ ಹಿಡಿಯುವ ಸೆಕೆಂಡು ಎಲ್ಲವನ್ನೂ ಅಳೆಯುವ ವಿಮರ್ಶಕರು ಇನ್ನು ಮುಂದೆ ಪ್ರತಿ ತೆರೆದ ಕಾರಿಗೂ ನಾಲ್ಕು ಅಂಕಿ ಕೊಡಲಿ: 80 ಮತ್ತು 100 ಕಿಲೋಮೀಟರ್ ವೇಗದಲ್ಲಿ ಚಾಲಕನ ಬಲಗಿವಿಯ ಬಳಿ, ಕಿಟಕಿ ಇಳಿಸಿದಾಗ ಎಷ್ಟು ಡೆಸಿಬೆಲ್, ಏರಿಸಿದಾಗ ಎಷ್ಟು. ಓದುಗರೂ ಅದನ್ನು ಕೇಳಿ ಪಡೆಯಬೇಕು.